ಡಿಸ್ಮಿಸ್ ಆಗದ ಸಾಲು

ಅವಳನ್ನು ಇಡೀ ಬೀದಿ ಹಾಲಕ್ಕ ಎಂದೇ ಕರೆಯುತ್ತಿತ್ತು. ಬೀದಿಗೆ ಹೊಸದಾಗಿ ಬಂದವರು ಆ ಹೆಸರು ಕೇಳಿ ಬೆಳಗ್ಗೆಯೇ ಪಾತ್ರೆ ಹಿಡಿದುಕೊಂಡು ಬಾಗಿಲಿಗೆ ಬಂದದ್ದೂ ಉಂಟು. ಬಂದವರಿಗೆ ಹಾಲು ಸಿಗುತ್ತಿರಲಿಲ್ಲ, ಬೈಗುಳ ಸಿಗುತ್ತಿತ್ತು. "ಹಾಲೂ ಇಲ್ಲ, ಮೊಸರೂ ಇಲ್ಲ. ನಾನು ಹಾಲ್ ನೋಡ್ಕೊಳ್ಳೋ ಅಕ್ಕ. ಇಷ್ಟು ದೊಡ್ಡ ಹಾಲ್ ನಿಮ್ಮ ಕಣ್ಣಿಗೆ ಕಾಣಿಸ್ಲಿಲ್ವಾ?" ಎಂದು ಕೇಳಿ, ಅವರು ತಬ್ಬಿಬ್ಬಾಗಿ ತಿರುಗುವಷ್ಟರಲ್ಲಿ ಹಾಲಿನವನು ಎಲ್ಲಿ ಸಿಗುತ್ತಾನೆ, ಅವನು ನೀರು ಬೆರೆಸುವುದು ಯಾವ ದಿನ ಎಂಬುದನ್ನೂ ಅವಳೇ ಹೇಳಿ ಕಳಿಸುತ್ತಿದ್ದಳು. ಸಾಧು ಸ್ವಭಾವದ ಹೆಂಗಸು ಎಂದು ಅವಳ ಬಗ್ಗೆ ಯಾರಾದರೂ ಹೇಳಿದರೆ ದಯವಿಟ್ಟು ನಂಬಬೇಡಿ.

ಆ ಹಾಲ್ ಕಣ್ಣಿಗೆ ಬೀಳದಿರುವುದು ಸಾಧ್ಯವೇ ಇರಲಿಲ್ಲ. ಇಟ್ಟಿಗೆಯ ಕಟ್ಟಡ, ರಸ್ತೆಯ ಕಡೆಗೆ ಎರಡು ಗಿಡ್ಡ ಗೋಪುರ, ನಡುವೆ ಕುದುರೆ ಸವಾರನೊಬ್ಬ ತಲೆ ಬಗ್ಗಿಸದೆ ಒಳಗೆ ಹೋಗಬಹುದಾದಷ್ಟು ಎತ್ತರದ ಬಾಗಿಲು. ಒಳಗೆ ಹೋದರೆ ಒಂದೇ ಒಂದು ಕಂಬವಿಲ್ಲ. ಮೇಲೆ ಕಬ್ಬಿಣದ ಕಮಾನು, ಕೆಳಗೆ ಮರದ ಹಲಗೆಯ ನೆಲ, ಮೂರು ಕಡೆಗೂ ನಿಂತು ನೋಡಲು ಅಟ್ಟ. ಕವಾಯತಿಗೆಂದೇ ಕಟ್ಟಿಸಿದ್ದು. ಹಗಲೆಲ್ಲ ಅಂಗಡಿಯಲ್ಲಿ ತೂಕ ಹಾಕುವವರು, ಕಚೇರಿಯಲ್ಲಿ ಗೀಚುವವರು, ಮರ ಕೊಯ್ಯುವವರು ಸಂಜೆ ಬೂಟು ಹಾಕಿಕೊಂಡು ಇಲ್ಲಿಗೆ ಬಂದು ಸೈನಿಕರಾಗುತ್ತಿದ್ದರು. ಯುದ್ಧ ಬಂದಾಗ ಅದೇ ಬಾಗಿಲಿನಿಂದ ಸಾಲುಸಾಲಾಗಿ ಹೊರಟರು. ಎಷ್ಟೋ ಮಂದಿ ಹಿಂದಿರುಗಲಿಲ್ಲ. ಅವರ ಹೆಸರು ಕೆತ್ತಿದ ಹಿತ್ತಾಳೆ ಫಲಕ ಬಾಗಿಲ ಪಕ್ಕದಲ್ಲೇ ಇತ್ತು. ಹಾಲಕ್ಕ ಅದನ್ನು ಉಜ್ಜಿ ಉಜ್ಜಿ ಅರ್ಧ ಹೆಸರುಗಳು ಅಳಿಸಿಯೇ ಹೋಗಿದ್ದವು. ಯಾರಾದರೂ ಅದನ್ನು ಎತ್ತಿ ಆಡಿದರೆ, "ಧೂಳು ಹಿಡಿದ ಹೆಸರಿಗಿಂತ ಹೊಳೆಯೋ ಹಿತ್ತಾಳೆ ಮೇಲು" ಎಂದು ಅವರ ಬಾಯಿ ಮುಚ್ಚಿಸುತ್ತಿದ್ದಳು. ಅದು ಸರಿಯಲ್ಲ ಎಂದು ಅವಳಿಗೂ ಗೊತ್ತಿತ್ತು.

ಈ ಹಾಲ್‌ನ ಹಿಂಭಾಗದಲ್ಲಿ, ಒಂದು ಕಾಲಕ್ಕೆ ಬಂದೂಕು ಇಡುತ್ತಿದ್ದ ಕೋಣೆಗೆ ಅಂಟಿಕೊಂಡ ಎರಡು ಕೋಣೆಗಳಲ್ಲಿ ಅವಳು ಹುಟ್ಟಿದ್ದು. ಅಪ್ಪ ಕವಾಯತು ಮಾಸ್ತರ. ಆಳು ನೋಡಿದರೆ ಜೋರಾಗಿ ಬೀಸಿದ ಗಾಳಿಗೆ ಹಾರಿಹೋಗುವಂತಿದ್ದ. ಬಾಯಿ ತೆರೆದರೆ ಕಿಟಕಿಯ ಗಾಜು ಅದುರುತ್ತಿತ್ತು. ಬೇರೆ ಮಕ್ಕಳು ಜೋಗುಳ ಕೇಳಿ ಮಲಗಿದರೆ ಇವಳು "ಎಡ, ಬಲ, ಎಡ" ಕೇಳಿ ಮಲಗಿದಳು. ಅಪ್ಪನ ಆಸ್ತಿಯಲ್ಲಿ ಅವಳಿಗೆ ಬಂದದ್ದು ಆ ಗಂಟಲು ಒಂದೇ. ಅವಳು ಅಂಗಳದಲ್ಲಿ ನಿಂತು ಬೆಕ್ಕನ್ನು ಕರೆದರೆ ಬೀದಿಯ ಕೊನೆಯಲ್ಲಿ ನಡೆಯುತ್ತಿದ್ದವರೂ ಗಕ್ಕನೆ ನಿಲ್ಲುತ್ತಿದ್ದರು.

ಕಥೆ ಶುರುವಾಗುವುದು ಅವಳು ಇನ್ನೂ ಚಿಕ್ಕವಳಿದ್ದಾಗ, ಕೊನೆಯ ಪೆರೇಡಿನ ಸಂಜೆ. ಅಟ್ಟದ ಕಂಬಿಗಳ ನಡುವೆ ಗಲ್ಲ ತೂರಿಸಿಕೊಂಡು ಅವಳು ಕೆಳಗೆ ನೋಡುತ್ತಿದ್ದಳು. ಸೈನ್ಯದವರಿಗೆ ಈ ಹಾಲ್ ಬೇಡವಾಗಿತ್ತು. ಅದನ್ನು ನಗರಸಭೆಗೆ ಕೊಟ್ಟು, ಊರಿನ ಈ ದಳವನ್ನು ಮುಚ್ಚಿಬಿಡುವ ಆದೇಶ ಬಂದಿತ್ತು. ಅದನ್ನು ಓದಲು ಒಬ್ಬ ಕ್ಯಾಪ್ಟನ್ ಬಂದಿದ್ದ. ಸರಿಯಾಗಿ ಮೀಸೆಯೂ ಮೂಡದ ವಯಸ್ಸು. ಸಾಲು ಕಟ್ಟಿಸಿದ, ಅಟೆನ್ಷನ್ ಹೇಳಿದ, ಆದೇಶ ಓದಿದ, ಸೆಲ್ಯೂಟ್ ಹೊಡೆದ, ತಿರುಗಿ ಸರಸರನೆ ಹೊರಗೆ ನಡೆದ. ಜೀಪು ಹೊರಟ ಸದ್ದು ಕೇಳಿಸಿತು. ಒಳಗೆ ಸಾಲು ಅಟೆನ್ಷನ್‌ನಲ್ಲೇ ನಿಂತಿತ್ತು.

ಕವಾಯತಿನಲ್ಲಿ ಒಂದು ಕಟ್ಟಳೆ ಇದೆ. ಸಾಲನ್ನು ನಿಲ್ಲಿಸಿದವರು ಯಾರೋ ಅವರೇ ಬಿಡಬೇಕು. ಬಿಡುವ ಮಾತು ಡಿಸ್ಮಿಸ್. ನಮಗೆ ನಿಮಗೆ ಡಿಸ್ಮಿಸ್ ಎಂದರೆ ಕೆಲಸದಿಂದ ಕಿತ್ತುಹಾಕುವುದು. ಸಾಲಿನಲ್ಲಿ ನಿಂತವನಿಗೆ ಹಾಗಲ್ಲ. ನಿನ್ನ ಕೆಲಸ ಮುಗಿಯಿತು, ಚೆನ್ನಾಗಿ ಮಾಡಿದೆ, ಇನ್ನು ತಲೆ ಎತ್ತಿಕೊಂಡು ಮನೆಗೆ ಹೋಗು ಎಂದು ಅದರ ಅರ್ಥ. ಆ ಒಂದು ಮಾತನ್ನು ಕ್ಯಾಪ್ಟನ್ ಹೇಳದೆ ಹೋಗಿದ್ದ.

ಸಾಲಿನ ತುದಿಯಲ್ಲಿ ಎಲ್ಲರಿಗಿಂತ ಚಿಕ್ಕವನೊಬ್ಬ ಇದ್ದ, ಬೇಕರಿಯಲ್ಲಿ ಹಿಟ್ಟು ನಾದುವವನು. ಅವನಿಗೆ ತಡೆಯಲಾಗಲಿಲ್ಲ. "ಮಾಸ್ತರೇ, ನೀವಾದ್ರೂ ಹೇಳ್ಬಿಡಿ, ಕಾಲು ಜೋಮು ಹಿಡೀತಿದೆ" ಎಂದ.

"ನಾನು ಹೇಳಲ್ಲ" ಎಂದ ಅಪ್ಪ. "ನಿಲ್ಸಿದ್ದು ಅವರು, ಬಿಡಬೇಕಾದ್ದೂ ಅವರೇ. ಹೇಳ್ದೆ ಹೋದ್ರೆ ಅದು ಅವರ ತಪ್ಪು. ನಮಗೆ ಬಿಡುಗಡೆ ಆಯ್ತು ಅಂತಲ್ಲ." ಆಮೇಲೆ ಮೆತ್ತಗೆ, ಅವಳು ಎಂದೂ ಕೇಳಿರದಷ್ಟು ಮೆತ್ತಗೆ, "ಊಟದ ಹೊತ್ತಾಯ್ತು. ಹೋಗಿ ಬನ್ನಿ" ಎಂದ.

ನಾವು ಯಾರ ಮನೆಯಿಂದ ಹೊರಟರೂ ಹೋಗುತ್ತೇನೆ ಎನ್ನುವುದಿಲ್ಲ, ಹೋಗಿ ಬರುತ್ತೇನೆ ಎನ್ನುತ್ತೇವೆ. ಬಾಯಿಗೆ ರೂಢಿಯಾದ ಮಾತು, ಅದನ್ನು ಯಾರೂ ತೂಗಿ ನೋಡುವುದಿಲ್ಲ. ಅಪ್ಪ ತೂಗಿಯೇ ಆಡಿದ್ದ. ಮರುದಿನ ಸಂಜೆ ಆ ದಳದವರೆಲ್ಲ ಬೂಟು ಹಾಕಿಕೊಂಡು ವಾಪಸು ಬಂದರು. ಬೀಗ ಹಾಕಲು ಬಂದ ನಗರಸಭೆಯ ಆಳು ಬಾಗಿಲಲ್ಲೇ ನಿಂತು ತಲೆ ಕೆರೆದುಕೊಂಡ. "ನಮ್ಮ ಪೆರೇಡ್ ಇನ್ನೂ ಮುಗಿದಿಲ್ಲಪ್ಪ. ಮುಗಿಸೋ ಮಾತು ಹೇಳಬೇಕಾದವರು ಹೇಳ್ಲಿ, ಆಮೇಲೆ ಬಾ" ಎಂದು ಅಪ್ಪ ಅವನನ್ನು ಸಾಗಹಾಕಿದ. ಹೀಗೆ ಅವನು ಬರುವುದು, ಇವರು ಸಾಗಹಾಕುವುದು ನಡೆದೇ ಇತ್ತು. ಕೊನೆಗೆ ಬೇಸತ್ತ ನಗರಸಭೆ ಅಪ್ಪನನ್ನೇ ಕಾವಲುಗಾರನನ್ನಾಗಿ ಮಾಡಿ ಕೈ ತೊಳೆದುಕೊಂಡಿತು.

ಆಮೇಲೆ ಆ ಹಾಲ್ ಕಂಡದ್ದು ಒಂದೆರಡಲ್ಲ. ನದಿ ಉಕ್ಕಿ ಕೆಳಗಿನ ಬೀದಿಗಳಿಗೆ ನೀರು ನುಗ್ಗಿದಾಗ ಊರಿನ ಅರ್ಧ ಜನ ಆ ಹಲಗೆಯ ಮೇಲೆ ಮಲಗಿತು. ಹಾಲಕ್ಕ ಓದಿದ ಶಾಲೆಯ ಮಕ್ಕಳು ಪರೀಕ್ಷೆ ಬರೆದದ್ದು ಅಲ್ಲೇ. ಗಾಲಿ ಬೂಟು ಕಟ್ಟಿಕೊಂಡು ಜಾರುವ ಹುಚ್ಚು ಬಂದ ವರ್ಷ ಹಲಗೆಯ ಮೇಲೆ ಗೀರು ಬಿತ್ತು, ಅಪ್ಪ ಮುಖ ಊದಿಸಿಕೊಂಡು ಓಡಾಡಿದ. ನಾಟಕ, ಮದುವೆ, ಕುಸ್ತಿ, ಮತದಾನ ಎಲ್ಲವೂ ಆದವು. ಎಷ್ಟೇ ಜನ ಬಂದು ಹೋದರೂ ಬಾಗಿಲ ಎದುರಿನ ಒಂದು ಪಟ್ಟಿ ಹಲಗೆ ಮಾತ್ರ ಬೇರೆಯದೇ ಆಗಿ ಉಳಿದಿತ್ತು. ಹಾಲ್ಟ್ ಎಂದಾಗ ಇಡೀ ದಳ ಒಟ್ಟಿಗೆ ಕಾಲು ಅಪ್ಪಳಿಸಿ ಅಪ್ಪಳಿಸಿ ಅಲ್ಲಿ ಮರ ತಗ್ಗಾಗಿತ್ತು. ಬರಿಗಾಲಲ್ಲಿ ನಿಂತರೆ ಪಾದ ತಾನಾಗಿಯೇ ಆ ತಗ್ಗಿನಲ್ಲಿ ಕೂರುತ್ತಿತ್ತು.

ಹಳಬರು ಒಬ್ಬೊಬ್ಬರಾಗಿ ಕಡಿಮೆಯಾದರು. ಅಪ್ಪ ಹಾಸಿಗೆ ಹಿಡಿದಾಗ ಹೇಳಿದ್ದೂ ಅದನ್ನೇ: "ಆ ಮಾತು ಇನ್ನೂ ಯಾರೂ ಹೇಳಿಲ್ಲ ಮಗಳೇ. ಅಲ್ಲೀವರೆಗೂ ಬಾಗಿಲು ತೆಗೆದಿರ್ಲಿ." ಅಮ್ಮನಿಗೆ ದುಃಖದಲ್ಲೂ ರೇಗಿಹೋಯಿತು. "ಸಾಯೋವಾಗ್ಲೂ ಇವರಿಗೆ ಪೆರೇಡಿಂದೇ ಚಿಂತೆ, ನಾನೊಬ್ಬಳು ಇದೀನಿ ಅನ್ನೋದು ನೆನಪಿದ್ಯಾ?" ಎಂದು ಬಿಕ್ಕಿದಳು. ಅಪ್ಪ ಅಮ್ಮನ ಕೈ ಹಿಡಿದುಕೊಂಡ. ಬೀಗದ ಕೈ ಮಾತ್ರ ಮಗಳ ಕೈಗೆ ಬಂತು.

ಅವಳ ಗಂಡ ದರ್ಜಿ. ನಾಟಕದವರಿಗೆ ಪರದೆ ಹೊಲಿಯಲು ಹಾಲ್‌ಗೆ ಬಂದವನು ಅಳತೆ ಪಟ್ಟಿ ಮರೆತು ಹೋದ, ಅದನ್ನು ಹುಡುಕಿಕೊಂಡು ಮತ್ತೆ ಬಂದ, ಮತ್ತೆ ಮರೆತ. ಹೀಗೆ ಮರೆಯುತ್ತಾ ಮರೆಯುತ್ತಾ ಮದುವೆಯಾದ. ಅವನು ಮಾತಿಗೆ ನಿಂತರೆ ನಗಿಸದೆ ಬಿಡುತ್ತಿರಲಿಲ್ಲ. ಹೆಂಡತಿಯನ್ನು ಕಮಾಂಡರ್ ಎಂದು ಕರೆಯುತ್ತಿದ್ದ. ಅಂಥವನಿಗೆ ಒಂದು ಬೆಳಗ್ಗೆ ಕತ್ತರಿ ಕೈಯಿಂದ ಜಾರಿತು, ಎತ್ತಿಕೊಳ್ಳಲು ಬಗ್ಗಿದವನು ಮೇಲೇಳಲಿಲ್ಲ. ಲಕ್ವ ಹೊಡೆದಿತ್ತು, ಎಡಭಾಗ ಪೂರ್ತಿ. ಆಸ್ಪತ್ರೆಯವರು ಮಾಡಬೇಕಾದ್ದನ್ನೆಲ್ಲ ಮಾಡಿ, ದಿನವೂ ನಡೆಸಿ ಎಂದು ಹೇಳಿ ಮನೆಗೆ ಕಳಿಸಿದರು. ನಡೆಸುವುದಕ್ಕೆ ಅವನು ಏಳಬೇಕಲ್ಲ. ಗೋಡೆ ಕಡೆಗೆ ಮುಖ ಮಾಡಿ ಮಲಗಿಬಿಟ್ಟ. ತೊದಲುವ ನಾಲಿಗೆಯಲ್ಲಿ, "ಬಿಟ್ಬಿಡೇ ನನ್ನ" ಎಂದ.

ಅವಳಿಗೆ ಅಳು ಬಂತು. ಅತ್ತಳು ಕೂಡ, ಒಲೆಯ ಮುಂದೆ, ಯಾರೂ ಇಲ್ಲದಾಗ. ಆಮೇಲೆ ಸಿಟ್ಟು ಬಂತು. ಅಕ್ಕಪಕ್ಕದವರನ್ನು ಕರೆದು ಅವನನ್ನು ಎತ್ತಿಸಿಕೊಂಡು ಹೋಗಿ ಹಾಲ್‌ನ ಬಾಗಿಲ ಎದುರಿನ ಆ ತಗ್ಗು ಹಲಗೆಯ ಮೇಲೆ ನಿಲ್ಲಿಸಿದಳು. ಒಂದು ಕಡೆ ತಾನೇ ಆತುಕೊಂಡಳು. ಹೊಟ್ಟೆಯಿಂದ, ಅಪ್ಪನ ಗಂಟಲಿನಲ್ಲಿ, "ಎಡ!" ಎಂದು ಕೂಗಿದಳು. ಗಾಜು ಅದುರಿತು. ದರ್ಜಿಯ ಎಡಗಾಲು ಹಲಗೆಯ ಮೇಲೆ ಸ್ವಲ್ಪ, ಸ್ವಲ್ಪವೇ, ತೆವಳಿತು.

"ನಾನು ಕದಲಿಸಿದ್ದಲ್ಲ" ಎಂದ ಅವನು, ಹೆದರಿ. "ಅದು ತಾನೇ ಕದಲ್ತು."

"ಅದಕ್ಕೆ ನಿಮಗಿಂತ ಬುದ್ಧಿ ಇದೆ. ಹೇಳಿದ ಮಾತು ಕೇಳುತ್ತೆ. ಎಡ!"

ಎಲ್ಲರೂ ಕಾಲಿಗೆ ಬುದ್ಧಿ ಹೇಳುವುದು ಓಡಿಹೋಗಲು. ಹಾಲಕ್ಕ ದಿನವೂ ಬೆಳಗ್ಗೆ ಗಂಡನ ಕಾಲಿಗೆ ಬುದ್ಧಿ ಹೇಳಿದ್ದು ಇರುವ ಜಾಗದಲ್ಲಿ ಗಟ್ಟಿಯಾಗಿ ನಿಲ್ಲಲಿ ಎಂದು. ಮಳೆಗಾಲ ಮುಗಿಯುವ ಹೊತ್ತಿಗೆ ಅವನು ಕೋಲು ಹಿಡಿದು ಹಾಲ್ ದಾಟಿದ. ಸುದ್ದಿ ನಿಲ್ಲಲಿಲ್ಲ. ನಿವೃತ್ತ ಶಾಲಾ ಮೇಡಂ ಒಬ್ಬರನ್ನು ಮಗಳು ತಳ್ಳುಗಾಲಿ ಕುರ್ಚಿಯಲ್ಲಿ ತಂದಳು. ಲಾರಿ ಓಡಿಸುತ್ತಿದ್ದ ದಢೂತಿಯನ್ನು ತಮ್ಮಂದಿರು ಹೊತ್ತು ತಂದರು. ಹಿಂದೆ ಸಾಲಿನ ತುದಿಯಲ್ಲಿ ಕಾಲು ಜೋಮು ಎಂದಿದ್ದ ಹುಡುಗ ಈಗ ಬೇಕರಿ ಅಜ್ಜನಾಗಿದ್ದ. ಅವನಿಗೆ ಲಕ್ವವೇನೂ ಇರಲಿಲ್ಲ, ಬಂದವರಿಗೆ ಆಸರೆಯಾಗಿ ನಿಲ್ಲಲು ಬರುತ್ತಿದ್ದ. ಆಸ್ಪತ್ರೆಯವರೂ ಜನರನ್ನು ಕಳಿಸತೊಡಗಿದರು. ಅವರು ಹೇಳಿಕೊಟ್ಟ ವ್ಯಾಯಾಮವನ್ನೇ ಅವಳು ಮಾಡಿಸುತ್ತಿದ್ದಳು. ಬೈಗುಳ ಮಾತ್ರ ಅವಳ ಸ್ವಂತದ್ದು. "ಮೇಡಂ, ಬಲಗಾಲಿಗೆ ಕಿವಿ ಇಲ್ವಾ? ಶಾಲೇಲಿ ಮಕ್ಕಳನ್ನ ಬೆಂಚ್ ಮೇಲೆ ನಿಲ್ಲಿಸ್ತಿದ್ರಲ್ಲ, ಈಗ ನೀವು ನಿಲ್ಲಿ ನೋಡೋಣ." ಮೇಡಂ ಕಣ್ಣೀರು ಹಾಕಿಕೊಂಡು ಹೋದರು, ಮರುದಿನ ಎಲ್ಲರಿಗಿಂತ ಮೊದಲು ಬಂದರು. ವ್ಯಾಯಾಮ ಮುಗಿದ ಮೇಲೆ ಹಾಲಕ್ಕ ಎಂದೂ ಡಿಸ್ಮಿಸ್ ಹೇಳಲಿಲ್ಲ. "ಹೋಗಿ ಬನ್ನಿ" ಎನ್ನುತ್ತಿದ್ದಳು, ಅಷ್ಟೇ.

ಹೀಗಿರುವಾಗ ನಗರಸಭೆಯ ಆಸ್ತಿ ಅಧಿಕಾರಿ ಬಂದ. ಗರಿಗರಿ ಇಸ್ತ್ರಿಯ ಅಂಗಿ, ಪ್ರತಿ ಮಾತಿಗೂ ಒಂದು ದಯವಿಟ್ಟು. ಬೆಣ್ಣೆಯಿಂದ ಕೂದಲು ತೆಗೆಯುವ ಹಾಗೆ ಮಾತಾಡುತ್ತಿದ್ದ. ಹಾಲ್ ಪರಂಪರೆ ಕೇಂದ್ರವಾಗುತ್ತದಂತೆ. ಗೋಡೆಗಳ ಮೇಲೆ ಹಳೆಯ ಸೈನಿಕರ ದೊಡ್ಡ ದೊಡ್ಡ ಫೋಟೋ, ಸುತ್ತಲೂ ಅಂಗಡಿ, ಕೂತು ಕಾಫಿ ಕುಡಿಯಲು ಜಾಗ.

"ನೆಲ?" ಎಂದಳು ಹಾಲಕ್ಕ.

"ನೆಲ ದಯವಿಟ್ಟು ಅಗೀಲೇಬೇಕಾಗುತ್ತೆ ಅಕ್ಕ. ಕೆಳಗಡೆ ಕಾರು ನಿಲ್ಸೋ ಜಾಗ ಬರುತ್ತೆ. ನಿಮ್ಮ ಜನಕ್ಕೆ ನಾವೇನು ಕೈ ಬಿಡಲ್ಲ. ಹಳೇ ಗ್ರಂಥಾಲಯದ ಮಹಡೀಲಿ ಒಂದು ಕೋಣೆ ಕೊಡ್ತೀವಿ."

"ಮಹಡಿಗೆ ಲಿಫ್ಟ್ ಇದ್ಯಾ?"

"ಸದ್ಯಕ್ಕೆ ಮೆಟ್ಟಿಲು."

"ಅಲ್ಲಪ್ಪ, ಮೆಟ್ಟಿಲು ಹತ್ತೋಕೆ ಬರೋರು ನನ್ನ ಹತ್ರ ಯಾಕೆ ಬರ್ತಾರೆ?"

ಅಧಿಕಾರಿ ನಕ್ಕ. ನಗುವುದಕ್ಕೇನೂ ಖರ್ಚಿರಲಿಲ್ಲ. ಸೈನಿಕರ ಫೋಟೋ ಗೋಡೆಗೆ ಹಾಕಿ ಅವರು ತುಳಿದ ನೆಲವನ್ನು ಅಗೆಯುವ ಜನರ ಬುದ್ಧಿಯನ್ನು ಮನಸ್ಸಿನಲ್ಲೇ ಬೈದುಕೊಂಡು ಅವಳು ಅವನನ್ನು ಹೊರಗೆ ಸಾಗಹಾಕಿದಳು. ಮೈಯೆಲ್ಲ ಉರಿಯುತ್ತಿತ್ತು. ಈ ಹಲಗೆ ಹೋದರೆ ಮೇಡಂ ಮತ್ತೆ ಕುರ್ಚಿಗೆ, ಲಾರಿಯವನು ಮತ್ತೆ ಹಾಸಿಗೆಗೆ, ಅವಳ ಗಂಡ ಮತ್ತೆ ಗೋಡೆಯ ಕಡೆಗೆ.

ಆ ಉರಿಯಲ್ಲೇ ಅವಳು ಎಡವಟ್ಟು ಮಾಡಿಕೊಂಡದ್ದು. ಮರುದಿನ ಪತ್ರಿಕೆಯ ಹುಡುಗಿಯೊಬ್ಬಳು ಬಂದು, ಹಾಲ್ ಬಿಟ್ಟುಕೊಡುತ್ತೀರಾ ಎಂದು ಕೇಳಿದಳು. ಹಾಲಕ್ಕ ಸೊಂಟಕ್ಕೆ ಕೈ ಇಟ್ಟುಕೊಂಡು ಅಪ್ಪನ ಕಥೆಯನ್ನೆಲ್ಲ ಹೇಳಿದಳು. ಅಷ್ಟಕ್ಕೇ ನಿಲ್ಲಿಸಬಹುದಿತ್ತು, ನಿಲ್ಲಿಸಲಿಲ್ಲ. "ನಮ್ಮಪ್ಪನ ಸಾಲು ಇನ್ನೂ ಡಿಸ್ಮಿಸ್ ಆಗಿಲ್ಲ ಕಣಮ್ಮ. ಆ ಕ್ಯಾಪ್ಟನ್ನೇ ಬಂದು ಆ ಮಾತು ಹೇಳ್ಲಿ, ಆ ಕ್ಷಣಾನೇ ಬೀಗದ ಕೈ ಕೊಡ್ತೀನಿ. ಬರ್ಕೋ ಇದನ್ನ." ಕ್ಯಾಪ್ಟನ್ ಎಂದೋ ಮಣ್ಣು ಸೇರಿರುತ್ತಾನೆ ಎಂಬ ಧೈರ್ಯ ಅವಳದು.

ಕ್ಯಾಪ್ಟನ್ ಮಣ್ಣು ಸೇರಿರಲಿಲ್ಲ. ಇನ್ನೊಂದು ಊರಿನಲ್ಲಿ ಮಗಳ ಮನೆಯಲ್ಲಿ ಕೂತು ಬೆಳಗ್ಗೆ ಪತ್ರಿಕೆ ಓದುತ್ತಿದ್ದ.

ಅಧಿಕಾರಿ ಈ ಸಲ ಬಂದಾಗ ದಯವಿಟ್ಟುಗಳ ಜೊತೆಗೆ ಕುಣಿಯುವ ಹೆಜ್ಜೆಯೂ ಇತ್ತು. ದೊಡ್ಡ ಸಮಾರಂಭ ಮಾಡೋಣ, ಕ್ಯಾಪ್ಟನ್ ಒಪ್ಪಿದ್ದಾರೆ, ಎಲ್ಲವನ್ನೂ ಗೌರವದಿಂದ ಮುಗಿಸೋಣ ಎಂದ. ಅವನು ಹೋದ ಮೇಲೆ ಹಾಲಕ್ಕ ನಾಲಿಗೆ ಕಚ್ಚಿಕೊಂಡು ಕೂತಳು.

"ಬಾಯಿ ನಿಂದು, ಪೇಚಾಟ ನಮ್ಮೆಲ್ಲರದ್ದು" ಎಂದ ದರ್ಜಿ. ಅವನ ಮಾತು ಈಗ ಸರಾಗವಾಗಿತ್ತು, ಅದೂ ಒಂದು ತೊಂದರೆಯೇ.

"ನಾನು ಹಾಗೆ ಹೇಳೇ ಇಲ್ಲ ಅಂದ್ಬಿಡ್ಲಾ?"

"ಮಾಸ್ತರ ಮಗಳು ಹಾಗಂದ್ರೆ ನಾನು ಅಳತೆ ಪಟ್ಟಿ ತಗೊಂಡು ಹೊರಟೋಗ್ತೀನಿ. ಈ ಸಲ ಮರೆತು ಹೋಗಲ್ಲ."

ಅವಳಿಗೆ ನಗುವೂ ಬರಲಿಲ್ಲ. ಮಾತು ತಪ್ಪುವುದು ಆಗದು. ಹಾಲ್ ಬಿಡುವುದೂ ಆಗದು. ಅಪ್ಪನ ಸಾಲಿಗೆ ಆ ಒಂದು ಮಾತು ಸಿಗಲಿ ಎಂದು ಅವಳೂ ಹಂಬಲಿಸಿದ್ದಳಲ್ಲ, ಸಿಗುವ ಹೊತ್ತಿನಲ್ಲಿ ಅದು ಸಿಗದಿರಲಿ ಎನ್ನಿಸುತ್ತಿತ್ತು. ಪಾತ್ರೆ ಉಜ್ಜಿದಳು, ಉಜ್ಜಿದ್ದನ್ನೇ ಮತ್ತೆ ಉಜ್ಜಿದಳು. ಇದ್ದಕ್ಕಿದ್ದಂತೆ ಕೈ ನಿಲ್ಲಿಸಿ, "ನಾನು ಮಾತು ಕೊಟ್ಟಿದ್ದು ಅಪ್ಪನ ಸಾಲಿನ ವಿಷಯದಲ್ಲಿ ತಾನೆ?" ಎಂದಳು.

"ಹೂಂ."

"ನನ್ನ ಸಾಲಿನ ವಿಷಯದಲ್ಲಿ ಅಲ್ವಲ್ಲ?"

ದರ್ಜಿ ಅವಳ ಮುಖ ನೋಡಿದ. ಆಮೇಲೆ ನಿಧಾನವಾಗಿ ತನ್ನ ಕೋಲನ್ನು ಹತ್ತಿರ ಎಳೆದುಕೊಂಡು, "ಆವತ್ತು ನಾನು ಎಲ್ಲಿ ನಿಲ್ಲಬೇಕು ಹೇಳು, ಕಮಾಂಡರ್" ಎಂದ.

ಸಮಾರಂಭದ ಬೆಳಗ್ಗೆ ಹಾಲ್‌ನಲ್ಲಿ ಕುರ್ಚಿಗಳು, ಮೈಕು, ಬಿಳಿ ಬಟ್ಟೆ ಹಾಸಿದ ಮೇಜು. ಹೊರಗೆ ನೆಲ ಅಗೆಯುವ ಯಂತ್ರ ಆಗಲೇ ಬಂದು ನಿಂತಿತ್ತು, ಅವಸರ ಹಾಗಿತ್ತು. ಅತಿಥಿಗಳು ಬರುವ ಮೊದಲೇ ಹಾಲಕ್ಕ ತನ್ನವರನ್ನು ಎರಡು ಸಾಲಾಗಿ ಗೋಡೆಯ ಪಕ್ಕ ನಿಲ್ಲಿಸಿದ್ದಳು. ಅಟೆನ್ಷನ್ ಎಂದು ಹೇಳಿಯೇ ನಿಲ್ಲಿಸಿದ್ದಳು. ಕೋಲು ಹಿಡಿದವರು, ಒಬ್ಬರ ತೋಳು ಒಬ್ಬರು ಹಿಡಿದವರು, ಗೋಡೆಗೆ ಕಟ್ಟಿದ ಹಗ್ಗ ಹಿಡಿದವರು. ಅವರೂ ನೋಡಲು ಬಂದವರೆಂದುಕೊಂಡ ಅಧಿಕಾರಿ, ದಯವಿಟ್ಟು ಕೂತ್ಕೊಳ್ಳಿ ಎಂದು ಕುರ್ಚಿ ತೋರಿಸಿದ. ಯಾರೂ ಕೂರಲಿಲ್ಲ.

ಕ್ಯಾಪ್ಟನ್ ಬಂದ. ಮೀಸೆ ಮೂಡದೆ ಹೋದವನು ಮೀಸೆ ನರೆತು ಬಂದಿದ್ದ. ಅಂದು ನಿಂತವರಲ್ಲಿ ಉಳಿದಿದ್ದವನು ಬೇಕರಿ ಅಜ್ಜ ಒಬ್ಬನೇ. ಅವನು ಆ ತಗ್ಗು ಹಲಗೆಯ ಮೇಲೆ, ತನ್ನ ಹಳೆಯ ಜಾಗದಲ್ಲಿ, ಒಂಟಿಯಾಗಿ ನೆಟ್ಟಗೆ ನಿಂತ. ಪಕ್ಕದಲ್ಲಿ ಇಡೀ ದಳದಷ್ಟು ಜಾಗ ಖಾಲಿ ಇತ್ತು. ಕ್ಯಾಪ್ಟನ್ ಮೈಕಿನ ಕಡೆಗೆ ಹೋಗಲೇ ಇಲ್ಲ. ಖಾಲಿ ಜಾಗದ ಎದುರು ನಿಂತು ಹೇಳಿದ:

"ನಾನು ಮರೆತು ಹೋಗಿದ್ದಲ್ಲ. ಎಲ್ಲರೂ ಹಾಗಂದ್ಕೊಂಡ್ರು. ಆ ಮಾತು ಬಾಯಿಗೆ ಬರಲಿಲ್ಲ. ಅಂಥ ಜನಕ್ಕೆ ಅಂಥ ಸುದ್ದಿ ಓದಿದ ಮೇಲೆ ಗಂಟಲು ಕಟ್ಟಿಬಿಡ್ತು. ಅಳೋದು ಕಾಣಬಾರದು ಅಂತ ಓಡಿಹೋದೆ." ಆಮೇಲೆ ಬೆನ್ನು ನೆಟ್ಟಗೆ ಮಾಡಿಕೊಂಡು, ಮುದಿ ಗಂಟಲಿನಲ್ಲಿ ಎಷ್ಟಿತ್ತೋ ಅಷ್ಟೂ ಕೂಡಿಸಿ, "ಡಿಸ್ಮಿಸ್!" ಎಂದ.

ಬೇಕರಿ ಅಜ್ಜ ಬಲಕ್ಕೆ ತಿರುಗಿ ಸೆಲ್ಯೂಟ್ ಹೊಡೆದ. ಹಾಲಕ್ಕನ ಕಣ್ಣಿಂದ ನೀರು ಧಾರಾಕಾರವಾಗಿ ಇಳಿಯಿತು, ಅವಳು ಒರೆಸಿಕೊಳ್ಳಲಿಲ್ಲ. ಅಪ್ಪ ಈಗ ಮನೆಗೆ ಹೋದ ಎನ್ನಿಸಿತು. ಆಮೇಲೆ ಬೇಕರಿ ಅಜ್ಜ, ಬಿಡುಗಡೆಯಾದ ಮನುಷ್ಯ, ಬಾಗಿಲ ಕಡೆಗೆ ಹೋಗಲಿಲ್ಲ. ನೇರ ಗೋಡೆಯ ಪಕ್ಕಕ್ಕೆ ನಡೆದು ಹಾಲಕ್ಕನ ಸಾಲಿನ ತುದಿಯಲ್ಲಿ ಮೇಡಂ ಪಕ್ಕ ನಿಂತುಕೊಂಡ.

ಚಪ್ಪಾಳೆ ಮುಗಿಯುತ್ತಲೇ ಅಧಿಕಾರಿ ಕೈ ಚಾಚಿದ. ಹಾಲಕ್ಕ ಸೆರಗಿನ ಗಂಟು ಬಿಚ್ಚಿ ಬೀಗದ ಕೈ ತೆಗೆದು ಅವನ ಅಂಗೈಯಲ್ಲಿ ಇಟ್ಟಳು. "ಕೊಟ್ಟ ಮಾತು ಉಳಿಸ್ಕೊಂಡಿದೀನಿ. ಎಲ್ಲರೂ ನೋಡಿದೀರಲ್ಲ?"

"ತುಂಬಾ ದೊಡ್ಡ ಮನಸ್ಸು ಅಕ್ಕ" ಎಂದು ಅಧಿಕಾರಿ ಮೈಕಿನಲ್ಲೇ ಹೊಗಳಿ, "ದಯವಿಟ್ಟು ಎಲ್ಲರೂ ಹೊರಗೆ ಬಂದ್ರೆ ಬೀಗ ಹಾಕ್ತೀವಿ" ಎಂದ.

ಅತಿಥಿಗಳು ಎದ್ದರು. ಗೋಡೆಯ ಪಕ್ಕದ ಸಾಲುಗಳು ಜಪ್ಪಯ್ಯ ಎಂದರೂ ಕದಲಲಿಲ್ಲ. ಅಧಿಕಾರಿ ಇನ್ನೊಮ್ಮೆ ಹೇಳಿದ, ಹತ್ತಿರ ಹೋಗಿ ಹೇಳಿದ. ಮೇಡಂ ಅವನನ್ನು ತಪ್ಪು ಲೆಕ್ಕ ಮಾಡಿದ ಹುಡುಗನನ್ನು ನೋಡುವಂತೆ ನೋಡಿದರು. ಲಾರಿಯವನ ಕಾಲು ನಡುಗುತ್ತಿತ್ತು, ಹಣೆಯಲ್ಲಿ ಬೆವರು, ಆದರೂ ನಿಂತೇ ಇದ್ದ. ಕಾರ್ಯಕ್ರಮ ಕೆಡುತ್ತಿರುವುದು ಅಧಿಕಾರಿಗೆ ಆಗ ಹೊಳೆಯಿತು. "ಸರ್, ಇವರಿಗೂ ಆ ಮಾತು ಹೇಳ್ಬಿಡಿ" ಎಂದು ಕ್ಯಾಪ್ಟನ್ನನ್ನು ಬೇಡಿಕೊಂಡ.

ಕ್ಯಾಪ್ಟನ್ ಸಾಲುಗಳನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದ. "ಇವರನ್ನ ನಿಲ್ಸಿದ್ದು ಯಾರು?"

"ನಾನು ಸಾರ್" ಎಂದಳು ಹಾಲಕ್ಕ.

"ಹಾಗಿದ್ರೆ ಇದು ನನ್ನ ಸಾಲಲ್ಲ" ಎಂದು ಕ್ಯಾಪ್ಟನ್ ಅಧಿಕಾರಿಯ ಕಡೆಗೆ ತಿರುಗಿದ. "ಹೇಳೋ ಅಧಿಕಾರ ನನಗಿಲ್ಲ. ಅವರನ್ನ ಕೇಳಿ."

"ಅಕ್ಕ, ದಯವಿಟ್ಟು. ಯಾವಾಗ ಡಿಸ್ಮಿಸ್ ಮಾಡ್ತೀರಿ?"

"ಎಲ್ಲರೂ ನಡೆಯೋದು ಕಲಿತ ಮೇಲೆ."

"ಅದು ಯಾವತ್ತು ಮುಗಿಯುತ್ತೆ? ದಿನಾ ಹೊಸಬರು ಬರ್ತಾನೇ ಇರ್ತಾರಲ್ಲ!"

"ಬರ್ತಾರಪ್ಪ, ಏನು ಮಾಡೋದು" ಎಂದಳು. ಬೀಗದ ಕೈ ಹಿಡಿದ ಅವನ ಕೈ ನೋಡಿ, "ಕೀಲಿ ನಿಮ್ಮ ಹತ್ರಾನೇ ಇರ್ಲಿ. ಒಳಗೆ ಜನ ಇಲ್ಲದಾಗ ಹಾಕ್ಕೊಳ್ಳಿ ಬೀಗ. ಬೇಡ ಅಂದೋರು ಯಾರು?"

ಪತ್ರಿಕೆಯ ಹುಡುಗಿ ಫೋಟೋ ತೆಗೆಯುತ್ತಿದ್ದಳು. ಕೋಲು ಹಿಡಿದ ಮುದುಕರನ್ನು, ಅರ್ಧ ಮೈ ಬಿದ್ದವರನ್ನು ಎಳೆದು ಹೊರಗೆ ಹಾಕಿಸುವ ಎದೆಗಾರಿಕೆ ಅಧಿಕಾರಿಗಿರಲಿಲ್ಲ. ಅಷ್ಟು ಮಟ್ಟಿಗೆ ಅವನು ಒಳ್ಳೆಯವನೇ. ಹಾಲಕ್ಕ ಅವನಿಗೆ ಬೆನ್ನು ತಿರುಗಿಸಿ ತನ್ನ ಸಾಲುಗಳ ಎದುರು ನಿಂತಳು.

"ಹಿಂದಿನ ಸಾಲು, ಮನೆಗೆ ಹೋಗಿ ಉಂಡು, ಸ್ವಲ್ಪ ಒರಗಿ, ಕತ್ತಲಾಗೋದ್ರೊಳಗೆ ಬರಬೇಕು. ನೀವು ಬಂದ ಮೇಲೆ ಮುಂದಿನ ಸಾಲು ಹೋಗುತ್ತೆ. ಹಾಸಿಗೆ ಬೇಕಾದವರು ತಗೊಂಡು ಬನ್ನಿ. ಈ ನೆಲದ ಮೇಲೆ ಊರೇ ಮಲಗಿದೆ, ನಿಮಗೇನು ಜಾಗ ಇಲ್ವಾ? ಮುಂದಿನ ಸಾಲು, ಎಡಗಾಲು ಸಿದ್ಧ. ಬಾಗಿಲವರೆಗೂ ಹೋಗಿ ಅವರನ್ನ ಕಳಿಸಿ ಬರೋಣ. ಎಡ!"

ಗಾಜು ಅದುರಿತು. ಎಲ್ಲರಿಗಿಂತ ಮುಂದೆ ದರ್ಜಿಯ ಎಡಗಾಲು ಎದ್ದು ಹಲಗೆಯ ಮೇಲೆ ಬಿತ್ತು. ಸಾಲು ಹೊರಟಿತು, ಸರಭರ ಸದ್ದು ಮಾಡುತ್ತಾ, ವಾಲುತ್ತಾ, ಕೋಲು ಊರುತ್ತಾ. ದಾರಿಯಲ್ಲಿ ಬಿಳಿ ಬಟ್ಟೆ ಹಾಸಿದ ಮೇಜು ಇತ್ತು. ಸುತ್ತಿ ಹೋಗಲು ಈ ಕಾಲುಗಳಿಗೆ ಇನ್ನೂ ಬರುತ್ತಿರಲಿಲ್ಲ. ಅಧಿಕಾರಿ ಒಂದು ಕಡೆ, ಕ್ಯಾಪ್ಟನ್ ಇನ್ನೊಂದು ಕಡೆ ಹಿಡಿದು ಮೇಜನ್ನು ಪಕ್ಕಕ್ಕೆ ಸರಿಸಿದರು.

ಬಾಗಿಲಲ್ಲಿ ಹಾಲಕ್ಕ ನಿಂತು ಹಿಂದಿನ ಸಾಲಿನವರಿಗೆ ಒಬ್ಬೊಬ್ಬರಿಗೂ ಹೇಳಿದಳು, ಹೋಗಿ ಬನ್ನಿ, ಹೋಗಿ ಬನ್ನಿ. ಕ್ಯಾಪ್ಟನ್ ಬಂದಾಗ ಅವನ ಎರಡೂ ಕೈ ಹಿಡಿದುಕೊಂಡು, "ಹೋಗಿ ಬನ್ನಿ ಸಾರ್, ನಮ್ಮಪ್ಪ ಕಾಯ್ತಿದ್ರು" ಎಂದಳು. ಕೊನೆಯಲ್ಲಿ ಅಧಿಕಾರಿ ಬಂದ, ಅಂಗೈಯಲ್ಲಿ ಆ ಕೀಲಿ ಹಿಡಿದುಕೊಂಡು. ಏನಾದರೂ ಹೇಳಲೇಬೇಕು ಎನ್ನಿಸಿ, ರೂಢಿಯ ಮಾತನ್ನೇ ಹೇಳಿದ: "ಹೋಗಿ ಬರ್ತೀನಿ ಅಕ್ಕ."

"ನೀವು ಹೋಗಿ" ಎಂದಳು ಹಾಲಕ್ಕ.